ಬಣ್ಣ ಬಳಿಯದ ರ‍್ಯಾಂಪು

ಮೊನ್ನೆ ಮನೆಯ ಗೇಟಿಗೆ ಹೊಸ ಬಣ್ಣ ಬಳಿಸಿದೆವು. ಮೊದಲು ತುಕ್ಕು ತಡೆಯುವ ರೆಡ್‌ಆಕ್ಸೈಡ್, ಅದು ಒಣಗಿದ ಮೇಲೆ ಮೇಲಿನ ಬಣ್ಣ. ಡಬ್ಬಿಯ ಮುಚ್ಚಳ ತೆಗೆದ ಕೂಡಲೇ ಆ ಘಾಟು ವಾಸನೆ ಅಡಿಗೆಮನೆಯವರೆಗೂ ಬಂತು. ಬೇರೆಯವರಿಗೆ ಅದರಿಂದ ತಲೆನೋವು ಬರುತ್ತದಂತೆ. ನನಗೆ ಅಕ್ಕಲಕೋಟ ರಸ್ತೆಯ ವೆಲ್ಡಿಂಗ್ ಮಿಸ್ತ್ರಿ ನೆನಪಾದರು. ವಿಚಿತ್ರವೆಂದರೆ ಅವರ ಅಂಗಡಿಯಲ್ಲಿ ಬಣ್ಣದ ವಾಸನೆಯೇ ಇರುತ್ತಿರಲಿಲ್ಲ. ಸುಟ್ಟ ಕಬ್ಬಿಣದ ವಾಸನೆ ಇರುತ್ತಿತ್ತು, ಅಷ್ಟೇ. ತಾವು ಬೆಸೆದು ಮಾಡಿದ ಯಾವ ಸಾಮಾನಿಗೂ ಅವರು ಬಣ್ಣ ಬಳಿದು ಕೊಡುತ್ತಿರಲಿಲ್ಲ.

ನನ್ನ ತವರು ಸೊಲ್ಲಾಪುರ, ಟಾವೆಲ್ ವ್ಯಾಪಾರದ ಮನೆ. ಹಾಲಿನವನಿಂದ ಹಿಡಿದು ಬೀಗರವರೆಗೆ ಯಾರನ್ನೂ ಒಮ್ಮೆಲೇ ನಂಬುವ ಪದ್ಧತಿ ನಮ್ಮಲ್ಲಿ ಇರಲಿಲ್ಲ. ಮಗ್ಗದವರು ತಂದ ಟಾವೆಲನ್ನು ಅಪ್ಪ ಬರೀ ತೂಕ ನೋಡಿ ಕೊಳ್ಳುತ್ತಿರಲಿಲ್ಲ. ಗಂಜಿ ಜಾಸ್ತಿ ಹಾಕಿದರೆ ಟಾವೆಲ್ಲಿಗೆ ತೂಕ ಬರುತ್ತದೆ, ಮುಟ್ಟಿದರೆ ದಪ್ಪ ಅನಿಸುತ್ತದೆ. ಒಂದು ಸಲ ಒಗೆದರೆ ಗಂಜಿಯೆಲ್ಲ ಹೋಗಿ ಜಾಳುಜಾಳಾದ ಬಟ್ಟೆ ಉಳಿಯುತ್ತದೆ. ಅದಕ್ಕೇ ಪ್ರತಿ ಗಂಟಿನಿಂದ ಒಂದು ಟಾವೆಲ್ ಎಳೆದು ನನ್ನ ಕೈಗೆ ಕೊಡುತ್ತಿದ್ದರು. ನಾನು ಒಗೆದು, ಒಣಗಿಸಿ, ಬೆಳಕಿಗೆ ಹಿಡಿದು ನೋಡಿ ಹೇಳಿದ ಮೇಲೆಯೇ ವ್ಯಾಪಾರ. ಹೀಗೆ ಬೆಳೆದವಳಿಗೆ, ತೂಕ ಹೆಚ್ಚಿದ್ದರೆ ಅಲ್ಲಿ ಏನೋ ಮೋಸ ಇದೆ ಎಂಬುದು ತಲೆಯಲ್ಲಿ ಕೂತುಬಿಟ್ಟಿತ್ತು.

ಕೊಟ್ಟದ್ದು ಅಕ್ಕಲಕೋಟ ತಾಲೂಕಿನ ಒಂದು ಹಳ್ಳಿಗೆ, ಹೊಲಮನೆಯವರಿಗೆ. ನನ್ನ ಗಂಡ ಎಲ್ಲರನ್ನೂ ನಂಬುವ ಮನುಷ್ಯ. ನಂಬುವ ಕೆಲಸ ಅವರದು, ಸಂಶಯಪಡುವ ಕೆಲಸ ನನ್ನದು ಎಂದು ಹಂಚಿಕೊಂಡಂತೆ ಸಂಸಾರ ನಡೆದಿತ್ತು. ಹೊಲದ ಜೊತೆಗೆ ಇನ್ನೊಂದು ಉದ್ಯೋಗ ಇರಲಿ ಎಂದು ನಾವು ಚಿಕ್ಕದೊಂದು ಪೋಕಲೇನ್ ಕೊಂಡೆವು. ನೆಲ ಅಗೆಯುವ ಯಂತ್ರ, ಚೈನಿನ ಮೇಲೆ ನಡೆಯುವಂಥದ್ದು. ಪೈಪ್‌ಲೈನಿಗೆ ಗುಂಡಿ ತೋಡುವುದು, ಬದು ಹಾಕುವುದು, ಇಂಥ ಕೆಲಸಕ್ಕೆ ಸುತ್ತಲಿನ ಊರುಗಳಿಂದ ಕರೆ ಬರುತ್ತಿತ್ತು. ಆದರೆ ಅದನ್ನು ಡಾಂಬರು ರಸ್ತೆಯ ಮೇಲೆ ಓಡಿಸಿಕೊಂಡು ಹೋಗುವಂತಿಲ್ಲ. ಟ್ರ್ಯಾಕ್ಟರಿಗೆ ಟ್ರೇಲರ್ ಕಟ್ಟಿ, ಅದರ ಮೇಲೆ ಹೇರಿಕೊಂಡು ಹೋಗಬೇಕು. ಹತ್ತಿಸಲು ಇಳಿಸಲು ಟ್ರೇಲರಿನ ಹಿಂದೆ ಇಳಿಜಾರಾಗಿ ಎರಡು ಕಬ್ಬಿಣದ ರ‍್ಯಾಂಪು ಸಿಕ್ಕಿಸಬೇಕು. ಯಂತ್ರ ನಡೆಸುವವರು ನನ್ನ ಗಂಡನೇ. ಆ ರ‍್ಯಾಂಪುಗಳ ಮೇಲೆ ದಿನಕ್ಕೆ ನಾಲ್ಕು ಸಲ ಹತ್ತಿ ಇಳಿಯುವುದು ಬರೀ ಯಂತ್ರವಲ್ಲ, ನನ್ನ ಮನೆಯ ಮನುಷ್ಯ. ಇಷ್ಟು ಸರಳ ಮಾತು ಆಗ ನನಗೆ ಹೊಳೆಯಲಿಲ್ಲ ನೋಡಿ...

ಟ್ರೇಲರ್ ಮಾಡಿಸಲು ಮಿಸ್ತ್ರಿಯ ಹತ್ತಿರ ಹೋದೆವು. ಅರವತ್ತು ದಾಟಿದ ವಯಸ್ಸು. ತಲೆಯ ಮೇಲಿನ ಬಿಳಿ ಟೋಪಿ ಕಿಡಿ ಬಿದ್ದು ತೂತುತೂತಾಗಿತ್ತು. ನಾವು ಬೆಲೆ ಕೇಳಿದರೆ ಅವರು ತಿರುಗಿ ನಮ್ಮನ್ನೇ ಕೇಳತೊಡಗಿದರು. ಯಂತ್ರದ ವಜನ ಎಷ್ಟು, ಎಂಥ ಹೊಲದಲ್ಲಿ ಇಳಿಸುತ್ತೀರಿ, ಎರೆಮಣ್ಣೋ ಗರಸೋ, ಮೇಲೆ ಕೂತು ಹತ್ತಿಸುವವರು ಯಾರು. ನನಗೆ ಆಗಲೇ ಸಂಶಯ ಬಂತು. ನಮಗೆ ಎಷ್ಟು ಹೊಲ ಇದೆ ಎಂದು ತಿಳಿದುಕೊಂಡು ಬೆಲೆ ಏರಿಸಲು ಹೊಂಚುತ್ತಿದ್ದಾರೆ ಅಂದುಕೊಂಡೆ. ಕೊನೆಗೆ ಅವರು ಹೇಳಿದ ಲೆಕ್ಕ ಕಿಲೋದ ಮೇಲೆ. ಇಷ್ಟು ಕಿಲೋ ಕಬ್ಬಿಣ, ಕಿಲೋಗೆ ಇಷ್ಟು. ಅಲ್ಲೇ ಗೋಡೆಗೆ ಒರಗಿಸಿದ್ದ ರ‍್ಯಾಂಪು ನೋಡಿದರೆ ಉದ್ದಕ್ಕೆ ಉದ್ದ, ಕೆಳಗೆ ಒತ್ತೊತ್ತಾಗಿ ಅಡ್ಡಪಟ್ಟಿಗಳು. ನನ್ನ ಕಣ್ಣಿಗೆ ಅದು ಗಂಜಿ ಹಾಕಿದ ಟಾವೆಲ್ಲಿನ ಹಾಗೆ ಕಂಡಿತು.

“ಕಿಲೋದ ಮ್ಯಾಲ ಭಾವ ಹಚ್ಚತೀರಿ, ಅದಕ್ಕ ಬುಡಕ ಇಷ್ಟ ಪಟ್ಟಿ ಬಡೀತೀರಿ. ಹೌದಲ್ರಿ?” ಅಂದೆ. ಗಂಡ ನಾಚಿಕೊಂಡು ರಸ್ತೆಯ ಕಡೆ ನೋಡಿದರು.

ಮಿಸ್ತ್ರಿಗೆ ಸಿಟ್ಟು ಬರಲಿಲ್ಲ. “ಹಂಗ ಮಾಡವರೂ ಇದ್ದಾರ್ರಿ ವೈನಿ. ನೀವು ಕೇಳಿದ್ದು ಬರೋಬರಿ ಅದ. ಖರೆ ರ‍್ಯಾಂಪಿನಾಗ ಕಬ್ಬಿಣ ಕಮಿ ಮಾಡಾಂಗಿಲ್ಲ, ಉದ್ದನೂ ಕಮಿ ಮಾಡಾಂಗಿಲ್ಲ. ಗಿಡ್ಡ ಆದ್ರ ಏರ ಜಾಸ್ತಿ ಆಗತದ, ಮಷೀನ ಹಿಂದಕ ಜಗ್ಗತದ. ರೊಕ್ಕಾ ಉಳಸೂದಿದ್ರ ಟ್ರೇಲರಿನ ಬಾಜೂಕಿನ ತಗಡಿನ ಪತ್ರಾ ಬಿಡ್ರಿ, ಸಾಮಾನಿನ ಪೆಟಗಿ ಬಿಡ್ರಿ. ಬಣ್ಣಾ ಅಂತೂ ನಾ ಹಚ್ಚಾಂಗಿಲ್ಲ.”

ಬಣ್ಣ ಯಾಕಿಲ್ಲ ಎಂದು ನನ್ನ ಗಂಡ ಕೇಳಿದರು. “ಹದಿನೈದು ದಿನಾ ಹಂಗಽ ನಡಸ್ರಿ. ಬೆಸಗಿ ಎಲ್ಲೆರ ಬಿಟ್ಟದೇನು, ಕಣ್ಣಿಗಿ ಕಾಣಬೇಕು. ಆಮ್ಯಾಲ ನೀವಽ ಹಚಗೋರಿ” ಅಂದರು. ಗಂಡನಿಗೆ ಈ ಮಾತು ಬಹಳ ಹಿಡಿಸಿತು. ನನಗೆ ಮಾತ್ರ ಬಣ್ಣದ ಖರ್ಚು ಉಳಿಸಲು ಎಂಥ ನುಣುಪಾದ ಮಾತು ಕಟ್ಟಿಟ್ಟುಕೊಂಡಿದ್ದಾರೆ ಈ ಅಜ್ಜ ಅನಿಸಿತು.

ಕೊನೆಗೆ ಟ್ರೇಲರ್ ಮಾತ್ರ ಅವರ ಹತ್ತಿರ ಹೇಳಿ, ರ‍್ಯಾಂಪು ಸೊಲ್ಲಾಪುರ ಶಹರದ ಇನ್ನೊಂದು ಮಗ್ಗುಲಿನ ಅಂಗಡಿಯಲ್ಲಿ ತೆಗೆದುಕೊಂಡೆವು. ತೆಗೆದುಕೊಂಡೆವು ಅನ್ನುವುದು ಸುಳ್ಳು, ನಾನು ತೆಗೆಸಿದೆ. ಬೆಲೆ ಮಿಸ್ತ್ರಿ ಹೇಳಿದ್ದರ ಅರ್ಧದಷ್ಟು. ಥಳಥಳ ಹಳದಿ ಬಣ್ಣ, ಮುಖ ನೋಡಿಕೊಳ್ಳಬಹುದು ಅನ್ನುವಷ್ಟು ಹೊಳಪು. ನಾನೊಬ್ಬಳೇ ಒಂದು ತುದಿ ಎತ್ತಿ ನೋಡಿದೆ, ಹಗುರವಾಗಿ ಬಂತು. ಇದು ಗಂಜಿ ಇಲ್ಲದ ಮಾಲು ಎಂದು ಖುಷಿಪಟ್ಟೆ.

ಟ್ರೇಲರ್ ತರಲು ಹೋದಾಗ, ಕೊಕ್ಕೆ ಸರಿಯಾಗಿ ಕೂಡುತ್ತದೋ ಇಲ್ಲವೋ ನೋಡಲು ಆ ಹಳದಿ ರ‍್ಯಾಂಪುಗಳನ್ನೂ ಒಯ್ದಿದ್ದೆವು. ಮಿಸ್ತ್ರಿ ಅವುಗಳ ಸುತ್ತ ಒಂದು ಸುತ್ತು ಬಂದರು. ನಡುವೆ ಎರಡು ತುಂಡು ಕೂಡಿದ ಜಾಗದಲ್ಲಿ ಕುಕ್ಕರುಗಾಲಲ್ಲಿ ಕೂತು, ಕಬ್ಬಿಣ ಉಜ್ಜುವ ಕಾನಸು ಕೈಗೆ ತೆಗೆದುಕೊಂಡು ಕೇಳಿದರು: “ಇಲ್ಲಿ ಒಂದೀಟ ಬಣ್ಣಾ ಕೆರದ ನೋಡ್ಲೇನ್ರಿ?”

“ಬ್ಯಾಡ್ರಿ, ಹೊಸಾವ ಅವ” ಅಂದೆ. ತಮ್ಮಲ್ಲಿ ಕೊಳ್ಳಲಿಲ್ಲ ಎಂಬ ಹೊಟ್ಟೆಕಿಚ್ಚಿಗೆ ನನ್ನ ಹೊಸ ಮಾಲು ಕೆಡಿಸುತ್ತಾರೆ ಎಂದೇ ನನ್ನ ಲೆಕ್ಕ. ಅವರು ಕಾನಸು ಕೆಳಗಿಟ್ಟರು. ಒಳಗೆ ಹೋಗಿ ಎರಡು ದಪ್ಪ ಮರದ ದಿಮ್ಮಿ ತಂದು ಗಂಡನಿಗೆ ಕೊಟ್ಟರು. ಹತ್ತಿಸುವಾಗ ರ‍್ಯಾಂಪಿನ ನಡುವಿಗೆ ಆಸರೆಯಾಗಿ ಕೆಳಗೆ ಇಟ್ಟುಕೊಳ್ಳಿ, ದುಡ್ಡು ಬೇಡ ಅಂದರು. ದುಡ್ಡು ಬೇಡ ಅಂದದ್ದೇ ನನಗೆ ಎಚ್ಚರಾಯಿತು. ಟಾವೆಲ್ ಪೇಟೆಯಲ್ಲಿ ಡಜನ್ನಿನ ಮೇಲೆ ಒಂದು ಪುಕ್ಕಟೆ ಕೊಡುತ್ತಾರೆಂದರೆ ಆ ಗಂಟು ಹುಳುಕು ಎಂದೇ ಅರ್ಥ. “ಪುಕ್ಕಟಿದು ನಮಗ ಯಾವದೂ ಬ್ಯಾಡ್ರಿ” ಅಂದವಳೇ, ಟ್ರೇಲರಿಗೆ ಏರಿಸಿದ್ದ ದಿಮ್ಮಿಗಳನ್ನು ಗಂಡನ ಕೈಯಿಂದಲೇ ಇಳಿಸಿದೆ. ಮಿಸ್ತ್ರಿ ದಿಮ್ಮಿಗಳನ್ನು ಗೋಡೆಗೆ ಒರಗಿಸಿದರು. ಟೋಪಿ ತೆಗೆದು ಕೊಡವಿ ಮತ್ತೆ ಹಾಕಿಕೊಂಡರು.

ಮುಂದೆ ಹದಿನೈದಿಪ್ಪತ್ತು ದಿನ ಏನೂ ಆಗಲಿಲ್ಲ. ಯಂತ್ರ ಹತ್ತುತ್ತಿತ್ತು, ಇಳಿಯುತ್ತಿತ್ತು. ಪ್ರತಿ ಸಲವೂ ನಾನು ಗಂಡನ ಮುಖ ನೋಡಿ, ಹೇಗೆ ಉಳಿಸಿದೆ ನೋಡಿದಿರಾ ಎಂಬಂತೆ ಹುಬ್ಬು ಹಾರಿಸುತ್ತಿದ್ದೆ.

ಆ ದಿನ ದಕ್ಷಿಣ ಸೊಲ್ಲಾಪುರದ ಕಡೆ ಒಬ್ಬರ ದ್ರಾಕ್ಷಿ ತೋಟದಲ್ಲಿ ಕೆಲಸ. ತೋಟದವರು ತಾಸಿನ ಲೆಕ್ಕದಲ್ಲಿ ಮೋಸ ಮಾಡಿಯಾರು ಎಂದು ನಾನೂ ಜೊತೆಗೆ ಹೋಗಿದ್ದೆ. ಎಷ್ಟು ಜನರ ಮೇಲೆ ಕಣ್ಣಿಟ್ಟಿದ್ದೆ ನಾನು! ಮಧ್ಯಾಹ್ನ ಕೆಲಸ ಮುಗಿಸಿ ಗಂಡ ಯಂತ್ರವನ್ನು ಟ್ರೇಲರಿಗೆ ಹತ್ತಿಸತೊಡಗಿದರು. ಅರ್ಧ ಹತ್ತಿತ್ತು. ಎಡಗಡೆಯ ರ‍್ಯಾಂಪು ನಡುವೆ ಕೂಡಿಸಿದ ಜಾಗದಲ್ಲೇ ಕೆಳಗೆ ಕುಸಿಯಿತು, ಯಂತ್ರ ಪೂರಾ ಎಡಕ್ಕೆ ವಾಲಿತು. ಗಂಡ ಹೇಗೋ ಮುಂದಿನ ಬಕೆಟ್ಟನ್ನು ನೆಲಕ್ಕೆ ಊರಿದರು. ಅದರ ಆಸರೆಯಿಂದ ಯಂತ್ರ ಮಗುಚಿ ಬೀಳಲಿಲ್ಲ. ಆದರೆ ಅವರ ಎಡಗಾಲು ಚೌಕಟ್ಟಿನ ಸಂದಿಯಲ್ಲಿ ಸಿಕ್ಕಿಬಿತ್ತು. ನಾನು ಕೂಗಿದ್ದು ನನಗೆ ನೆನಪಿಲ್ಲ, ಅಲ್ಲಿದ್ದವರು ಆಮೇಲೆ ಹೇಳಿದರು... ತೋಟದ ಜನ ಇನ್ನೊಂದು ಟ್ರ್ಯಾಕ್ಟರ್ ತಂದು ಯಂತ್ರವನ್ನು ಜಗ್ಗಿ ಹಿಡಿದ ಮೇಲೆಯೇ ಕಾಲು ಹೊರಗೆ ಬಂತು. ಹಿಮ್ಮಡಿಯ ಮೇಲೆ ಎಲುಬು ಎರಡು ಕಡೆ ಮುರಿದಿತ್ತು.

ಆಸ್ಪತ್ರೆಗೆ ಒಯ್ಯುವ ಗಾಡಿ ಬರುವವರೆಗೆ ಗಂಡನನ್ನು ಒರಗಿಸಿಕೊಂಡು ನಾನು ಆ ಮುರಿದ ರ‍್ಯಾಂಪಿನ ಪಕ್ಕದಲ್ಲೇ ಕೂತಿದ್ದೆ. ಬಿಟ್ಟುಕೊಂಡ ಜಾಗದಲ್ಲಿ ಉಗುರು ಹಾಕಿದರೆ ಹಳದಿ ಬಣ್ಣ ಸಿಪ್ಪೆಯ ಹಾಗೆ ಎದ್ದು ಬಂತು. ಅದರ ಕೆಳಗೆ ಸಂದು ಮುಚ್ಚಲು ಮೆತ್ತಿದ ಬಿಳಿ ಪುಟ್ಟಿ. ಪುಟ್ಟಿಯ ಕೆಳಗೆ, ಉದ್ದಕ್ಕೂ ಬೆಸುಗೆ ಇರಬೇಕಾದಲ್ಲಿ, ಎರಡೇ ಎರಡು ಚುಕ್ಕೆ. ಒಗೆದು ನೋಡದೆ ಒಂದು ಟಾವೆಲ್ ಕೊಳ್ಳದವಳು ನಾನು. ಕೆರೆದು ನೋಡುತ್ತೇನೆ ಅಂದವರ ಕೈಯನ್ನೂ ಹಿಡಿದು ನಿಲ್ಲಿಸಿದ್ದೆ. ಸಂಶಯ ಕಡಿಮೆ ಬಿದ್ದದ್ದಲ್ಲ, ಅದನ್ನು ತಪ್ಪು ಮನುಷ್ಯನ ಮೇಲೆ ಖರ್ಚು ಮಾಡಿದ್ದೆ.

ಗಂಡನ ಕಾಲಿಗೆ ಪಟ್ಟಿ ಹಾಕಿ ಮನೆಗೆ ತಂದ ಮೇಲೆ ಒಬ್ಬಳೇ ಮಿಸ್ತ್ರಿಯ ಹತ್ತಿರ ಹೋದೆ. ನಾ ಮೊದಲೇ ಹೇಳಿದ್ದೆ ಎಂಬ ಮಾತು ಕೇಳಲು ಮನಸ್ಸು ಗಟ್ಟಿ ಮಾಡಿಕೊಂಡೇ ಹೋಗಿದ್ದೆ. ಸುದ್ದಿ ಅವರಿಗೆ ಮುಟ್ಟಿತ್ತು. “ಕಾಲ ಹೆಂಗದ್ರಿ ಮಾಲಕರದು? ಬೆರಳ ಆಡತಾವಿಲ್ರಿ?” ಎಂದು ಕೇಳಿದರು. ಆಡುತ್ತವೆ ಅಂದೆ. “ಆತು ಬಿಡ್ರಿ ಮತ್ತ” ಎಂದು ಅಳತೆಯ ಟೇಪು ಹುಡುಕಲು ಹೋದರು. ಹೊಸ ರ‍್ಯಾಂಪಿನ ಲೆಕ್ಕ ಬರೆದುಕೊಟ್ಟರು. ಕಿಲೋದ ಬೆಲೆಯೂ ಮೊದಲಿನದೇ. ಇಷ್ಟಾದ ಮೇಲಾದರೂ ನಾನು ಸುಮ್ಮನಿರಬೇಕಿತ್ತು. ಹುಟ್ಟುಗುಣ ಎಲ್ಲಿಗೆ ಹೋಗುತ್ತದೆ? ಬೆಲೆ ಏರಿಸಿಲ್ಲ ಅಂದರೆ ತೂಕದಲ್ಲಿ ಹಾಕುತ್ತಾರೆ ಎಂದು ಒಳಗೊಳಗೇ ಅಂದುಕೊಂಡೆ.

ಗಂಡ ಮತ್ತೆ ಟ್ರ್ಯಾಕ್ಟರ್ ನಡೆಸುವಂತಾಗಲು ನಾಲ್ಕು ತಿಂಗಳು ಬೇಕಾಯಿತು. ಆಮೇಲೆ ಇಬ್ಬರೂ ಹೋಗಿ ರ‍್ಯಾಂಪು ತಂದೆವು. ಬರಿಗಬ್ಬಿಣದವು, ಬಣ್ಣವಿಲ್ಲ. ನಾನು ಒಳಗೆ ದುಡ್ಡು ಎಣಿಸುತ್ತಿರುವಾಗ ಹೊರಗೆ ಮಿಸ್ತ್ರಿ ಗಂಡನ ಹೆಗಲ ಮೇಲೆ ಕೈಯಿಟ್ಟು ಏನೋ ಮೆಲ್ಲಗೆ ಹೇಳುತ್ತಿದ್ದುದು ಕಂಡಿತು. ಅದೂ ನನಗೆ ಸರಿ ಕಾಣಲಿಲ್ಲ. ದಾರಿಯಲ್ಲಿ ಒಂದು ಗುಜರಿ ಅಂಗಡಿ ಬಂತು. ಗಾಡಿ ನಿಲ್ಲಿಸಿ, ಇವುಗಳನ್ನು ಒಮ್ಮೆ ತೂಗಿಸಿಬಿಡೋಣ ಅಂದೆ.

“ಬ್ಯಾಡ ಬಿಡ. ಎದಕ ಸುಮ್ಮ?” ಅಂದರು ಗಂಡ. ಯಾವತ್ತೂ ನನ್ನ ಮಾತಿಗೆ ಎದುರಾಡದವರು ಅಂದು ಬೇಡ ಅಂದದ್ದು ನೋಡಿ, ಇವರನ್ನೂ ಮಿಸ್ತ್ರಿ ಒಳಗೆ ಹಾಕಿಕೊಂಡರೇನು ಅನಿಸಿತು. ಹಟ ಹಿಡಿದು ತೂಗಿಸಿದೆ. ಬಿಲ್ಲಿನಲ್ಲಿ ಬರೆದದ್ದಕ್ಕಿಂತ ಇಪ್ಪತ್ತೆರಡು ಕಿಲೋ ಹೆಚ್ಚು ಬಂತು. ಗುಜರಿಯವನ ಕಾಟಾ ಸರಿ ಇದೆಯೋ ಇಲ್ಲವೋ ಎಂದು ಅಲ್ಲಿದ್ದ ಸಿಮೆಂಟಿನ ಚೀಲ ಇಟ್ಟು ನೋಡಿದೆ. ಐವತ್ತು ಕಿಲೋ, ಕರಾರುವಾಕ್ಕು. ಅಂದರೆ ವಯಸ್ಸಾದ ಮಿಸ್ತ್ರಿ ತಪ್ಪು ಬರೆದಿದ್ದಾರೆ, ಲಾಭ ನಮ್ಮದು. “ಸುಮ್ಮ ನಡ್ರಿ ಇನ್ನ” ಎಂದು ಗಂಡನನ್ನು ಹೊರಡಿಸಿದೆ. ಹೇಳಲು ನಾಚಿಕೆಯಾಗುತ್ತದೆ, ದಾರಿಯುದ್ದಕ್ಕೂ ನನಗೆ ಖುಷಿಯಾಗಿತ್ತು.

ಹದಿನೈದು ದಿನ ನಡೆಸಿ, ಒಂದೊಂದು ಬೆಸುಗೆಯನ್ನೂ ಬೆರಳಾಡಿಸಿ ನೋಡಿ, ಆಮೇಲೆ ನಾನೇ ಅವಕ್ಕೆ ಬಣ್ಣ ಬಳಿದೆ. ಇಂದಿಗೂ ಅವೇ ನಡೆದಿವೆ, ಒಂದು ಕೂದಲಿನಷ್ಟೂ ಬಾಗಿಲ್ಲ. ಗಂಡ ಎಡಗಾಲು ತುಸು ಎಳೆದು ಹಾಕುತ್ತಾರೆ. ಸೊಲ್ಲಾಪುರಕ್ಕೆ ಹೋಗುವಾಗ ಬಸ್ಸಿನಿಂದ ಮಿಸ್ತ್ರಿಯ ಅಂಗಡಿ ಕಾಣುತ್ತಿತ್ತು. ಇಳಿದು ಹೋಗಿ, ನಿಮ್ಮ ಲೆಕ್ಕ ತಪ್ಪಿತ್ತು, ನಿಮ್ಮ ಬಾಕಿ ತಗೊಳ್ಳಿ ಅನ್ನಬೇಕು ಎಂದು ಎಷ್ಟೋ ಸಲ ಅಂದುಕೊಂಡೆ. ಮುಂದಿನ ಸಲ ನೋಡೋಣ ಎಂದು ಬಿಟ್ಟೆ. ಒಂದು ಸಲ ಹೋಗುವಾಗ ಬಾಗಿಲು ಹಾಕಿತ್ತು, ಬರುವಾಗಲೂ ಹಾಕಿತ್ತು. ಅವರು ತೀರಿಹೋಗಿ ಎರಡು ತಿಂಗಳಾಯಿತು ಎಂದು ಪಕ್ಕದ ಚಹಾದವರು ಹೇಳಿದರು...

ಮೊನ್ನೆ ಗೇಟಿನ ಬಣ್ಣ ಮುಗಿದ ಮೇಲೆ ಇದನ್ನೆಲ್ಲ ಗಂಡನ ಮುಂದೆ ತೆಗೆದೆ. ಪಾಪ, ಲೆಕ್ಕ ತಪ್ಪಿದ ಆ ಮುದುಕರ ದುಡ್ಡು ನಾವು ತಿಂದಂತಾಯಿತು ಅಂದೆ. ಅವರು ಚಹಾದ ಬಟ್ಟಲು ಕೆಳಗಿಟ್ಟರು.

“ಅವರ ಲೆಕ್ಕ ತಪ್ಪಿದ್ದಿಲ್ಲ. ಬುಡಕ ಮತ್ತ ನಾಕ ಪಟ್ಟಿ ಜಾಸ್ತಿ ಬಡದೀನಿ ಅಂತ ನನಗ ಅವತ್ತಽ ಹೇಳಿದ್ರು. ‘ವೈನಿಯಾರಿಗಿ ಹೇಳಬ್ಯಾಡ್ರಿ. ಪುಕ್ಕಟ ಅಂತ ಗೊತ್ತಾದ್ರ ಆ ಕಟಗಿ ದಿಮ್ಮೀಗತೆ ಇಲ್ಲೇ ಇಳಸಿ ಹೋಗತಾರ’ ಅಂದ್ರು.”

ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಮಾತು ಕೊಟ್ಟಿದ್ದೆ ಅಂದರು. ನನಗೆ ಮೊದಲು ಸಿಟ್ಟು ಬಂತು, ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದೆ. ನನ್ನ ಗಂಡನನ್ನು ಕಾಯಲು ಒಬ್ಬ ಮನುಷ್ಯ ನನ್ನ ಕಣ್ಣು ತಪ್ಪಿಸಬೇಕಾಯಿತು. ಯಾಕೆ ಕೊಟ್ಟರು, ಅವರಿಗೆ ಏನು ಬರುವುದಿತ್ತು ಎಂದು ನನ್ನ ತಲೆ ಈಗಲೂ ಕೇಳುತ್ತಲೇ ಇದೆ. ಅವರಿದ್ದಿದ್ದರೆ ಬಸ್ಸಿಳಿದು ಹೋಗಿ ಕೇಳುತ್ತಿದ್ದೆ. ಏನು ಹೇಳಿದರೂ ಈ ಸಲ ನಂಬುತ್ತಿದ್ದೆ.