ಬದುಕಿರುವ ಅವ್ವನಿಗೆ ಶೋಕಸಭೆ

ಕೇಳಿರಯ್ಯಾ ಸ್ನೇಹಿತರೇ! ಇವತ್ತು ಹೊನ್ನಾಳಿಯ ನಮ್ಮ ಮನೆಯಲ್ಲಿ ಅವ್ವನ ಕಣ್ಣೆದುರೇ ಅವಳ ಶೋಕಸಭೆ ನಡೆಯಿತು!

ಅವ್ವನಿಗೆ ಕರುಳಿನ ಕ್ಯಾನ್ಸರ್ ಆಪರೇಷನ್ ಆಗಿದೆ. ಕ್ಯಾನ್ಸರ್ ಮರಳಿತೇ ಎಂದು ತಿಳಿಯಲು ಆಗಾಗ ರಕ್ತದಲ್ಲಿ ಸಿಇಎ ಎಂಬ ಅಂಶ ನೋಡುತ್ತಾರೆ. ಈ ಸಲ ತುಸು ಏರಿದೆ. "ಇದೊಂದರಿಂದಲೇ ಹೇಳಕ್ಕಾಗಲ್ಲ, ಸ್ಕ್ಯಾನ್ ಮಾಡೋಣ" ಅಂದರು ಡಾಕ್ಟರು. ನ್ಯಾಮತಿಯ ಸೋದರಮಾವ ಮಾತ್ರ ರಿಪೋರ್ಟನ್ನು ನೆಂಟರ ವಾಟ್ಸಾಪ್ ಗುಂಪಿಗೆ ಹಾಕಿಬಿಟ್ಟ! ಬೆಳಿಗ್ಗೆಯೇ ಟೆಂಪೋ ತುಂಬ ನೆಂಟರು, ಕೈಯಲ್ಲಿ ಬ್ರೆಡ್ಡು, ಕಣ್ಣಲ್ಲಿ ನೀರು.

"ಅಕ್ಕಾ, ಕೊನೇ ಸಲ ಮಾತಾಡ್ಸಾಕೆ ಬಂದ್ವಿ!" ಎಂದು ಮಾವ ಗೋಳಾಡಿದ.

"ಎಲವೋ ಮಾವಾ! ನೀನ್ಯಾವಾಗ ಡಾಕ್ಟರಾದೆ?" ಎಂದು ಗುಡುಗಿದೆ.

"ರಿಪೋರ್ಟ್‌ನಾಗೆ ನಂಬರು ಕೆಂಪಗೆ ಬಂದೈತಲ್ಲೋ!"

ಅಷ್ಟರಲ್ಲಿ ಒಲೆ ಮುಂದಿಂದ ಅವ್ವ ಕೂಗಿದಳು: "ಅತ್ತಿದ್ದು ಸಾಕು, ಕೈ ತೊಳ್ಕಳ್ರಿ. ಉಪ್ಪಿಟ್ಟು ಆರ್ತೈತೆ."

ಸ್ಕ್ಯಾನ್ ನಾಳೆ. ತಿಥಿ ಊಟ ಮಾತ್ರ ಇವತ್ತೇ ಆಯ್ತು, ಬಡಿಸಿದವಳೂ ಅವ್ವನೇ!