ನಿಂಬೆಹಣ್ಣಿನಲ್ಲಿ ತೊಳೆದ ಹಾಯಿ

ನಮ್ಮ ಬರದ ಊರು ಸನಮಡಿಯಲ್ಲಿ ದೋಣಿಯ ಹಾಯಿ ಇದ್ದದ್ದು ನಮ್ಮ ಮನೆಯಲ್ಲಿ ಮಾತ್ರ. ಮಳೆಗಾಲ ಮುಗಿದ ಮೇಲೆ ಅಣ್ಣ ಕುರಿ ಹೊಡೆದುಕೊಂಡು ಕೊಂಕಣಕ್ಕೆ ಹೋಗುತ್ತಿದ್ದ. ಗೊಬ್ಬರಕ್ಕೆಂದು ಅಲ್ಲಿ ಒಬ್ಬನ ಗದ್ದೆಯಲ್ಲಿ ಕುರಿ ನಿಲ್ಲಿಸಿದ್ದಕ್ಕೆ, ದೋಣಿಗೆ ಎಂಜಿನ್ನು ಹಾಕಿಸಿಕೊಂಡಿದ್ದ ಆ ಗದ್ದೆಯವನು ತನಗೆ ಬೇಡವಾದ ಹಾಯಿಯನ್ನು ಕೊಟ್ಟನಂತೆ. ದಪ್ಪ ಹತ್ತಿಯ ಬಟ್ಟೆ. ಅಣ್ಣ ಅದನ್ನೇ ಡೇರೆ ಮಾಡಿಕೊಂಡ. ಫೋನು ಮಾಡಿದಾಗೆಲ್ಲ, “ನಿನ್ನ ಲಗ್ನಕ್ಕ ಇದನ್ನ ಹಂದರದ ಮ್ಯಾಲ ಕಟ್ಟತೇನಿ, ನೋಡಂತ” ಎನ್ನುತ್ತಿದ್ದ.

ಹೋದ ವರ್ಷ ಅಲ್ಲೇ ಜ್ವರ ಬಂದು ತೀರಿಕೊಂಡ. ಜೊತೆಯವರು ಕುರಿಗಳನ್ನೂ ಹಾಯಿಯನ್ನೂ ಮನೆ ಮುಟ್ಟಿಸಿದರು.

ಈ ಸಲ ನನ್ನ ಲಗ್ನ ಗೊತ್ತಾದಾಗ ಅವ್ವ ಅದನ್ನು ಅಂಗಳದಲ್ಲಿ ಬಿಚ್ಚಿದಳು. ಅಂಚಿನಲ್ಲಿ ಹಗ್ಗ ಪೋಣಿಸುವ ಕಬ್ಬಿಣದ ಬಳೆ ತಾಗಿದಲ್ಲೆಲ್ಲ ಅಂಗೈ ಅಗಲದ ತುಕ್ಕಿನ ಕಲೆ. “ಇದನ್ನ ಕಟ್ಟಿದ್ರ ಅಂವಾ ಬಂದಂಗ” ಎಂದಳು.

ಕಲೆ ತೆಗೆಯುವ ವಿದ್ಯೆ ನಮ್ಮ ಅತ್ತಿಯದು, ಅಂದರೆ ಅಪ್ಪನ ತಂಗಿಯದು. “ಹಾಯಿ ಬಂತು, ಸಮುದ್ರ ಯಾವಾಗ ತರಸ್ತೀರಿ?” ಎಂದು ಚಾಷ್ಟಿ ಮಾಡುತ್ತಲೇ ನಿಂಬೆಹಣ್ಣು ಹೆಚ್ಚಿ, ಉಪ್ಪಿನಲ್ಲಿ ಅದ್ದಿ ನಮ್ಮ ಕೈಗಿಟ್ಟಳು. ಎರಡು ದಿನ ಮೂವರೂ ತಿಕ್ಕಿದೆವು, ಬಿಸಿಲಿಗೆ ಹಾಕಿದೆವು, ಮತ್ತೆ ತಿಕ್ಕಿದೆವು. ಕೆಂಪು ಹಳದಿಯಾಗಿ, ಹಳದಿ ಮಾಯವಾಯಿತು. ಅಣ್ಣ ಹೋದ ಮೇಲೆ ಅವ್ವ ನಕ್ಕದ್ದನ್ನು ಅವತ್ತೇ ಕಂಡೆ.

ಜಾಲಿಸಲು ಕುಳಿತರೆ ಆ ಬಟ್ಟೆ ಕೊಡಗಟ್ಟಲೆ ನೀರು ಕುಡಿಯಿತು. “ಇನ್ನ ನಾಕ ಕೊಡ ಹಾಕ್ರಿ. ಹುಳಿ ಉಳದ್ರ ಬಟ್ಟಿ ತಿಂತೈತಿ” ಎಂದಳು ಅತ್ತಿ.

ನಾನು ಟಾಕಿಯೊಳಗೆ ಬಗ್ಗಿ ನೋಡಿದೆ. ಟ್ಯಾಂಕರ್ ಬರಲು ಇನ್ನೂ ಎರಡು ದಿನ. ಮುಖ ತೊಳೆದ ನೀರನ್ನೂ ಮೆಣಸಿನ ಗಿಡಕ್ಕೆ ಹಾಕಿ ಬೆಳೆದವಳು ನಾನು. “ಬೆಳ್ಳಗ ಆತಲ್ಲ, ಸಾಕ ಬಿಡ್ರಿ. ಕುರಿಗೆ ನೀರ ಬ್ಯಾಡೇನು?” ಎಂದೆ.

“ಅದೂ ಖರೇನ” ಎಂದು ಅವ್ವ ಹಾಯಿ ಹಿಂಡಿದಳು. ಮೂರು ದಿನ ಸುಡು ಬಿಸಿಲಲ್ಲಿ ಒಣಗಿತು.

ಲಗ್ನದ ಹಿಂದಿನ ದಿನ ಗಂಡಸರು ಅದನ್ನು ಕಂಬಗಳಿಗೆ ಕಟ್ಟಿ ಹಗ್ಗ ಜಗ್ಗಿದರು. ಒಂದು ಮೂಲೆ ಹರಿಯಿತು. ಇನ್ನೊಂದು ಕಡೆ ಹಿಡಿದರು, ಅದೂ ಹರಿಯಿತು. ನಾವು ಎಲ್ಲೆಲ್ಲಿ ತಿಕ್ಕಿದ್ದೆವೋ ಅಲ್ಲೆಲ್ಲ ಬಟ್ಟೆ ಹಪ್ಪಳದ ಹಾಗೆ ಮುರಿಯುತ್ತಿತ್ತು. ಹರಿದ ಅಂಚನ್ನು ನಾಲಿಗೆಗೆ ಹಚ್ಚಿದೆ. ಹುಳಿ.

ಅವ್ವ ಹತ್ತಿರ ಬಂದು ಮೆಲ್ಲಗೆ ಕೇಳಿದಳು: “ನೀರ ಕಮ್ಮಿ ಬಿತ್ತೇನವಾ?”

“ಇಲ್ಲವ್ವಾ, ಭಾಳ ಹಳೀದಾಗಿತ್ತು.”

ಅತ್ತಿ ನನ್ನ ಮುಖ ನೋಡಿ, ಹರಿದ ಹಾಯಿಯನ್ನು ಮಡಚತೊಡಗಿದಳು.

ಜತ್ತದ ಪೇಟೆಯಿಂದ ಬಾಡಿಗೆ ಶಾಮಿಯಾನ ಬಂತು, ಕೆಂಪು ನೀಲಿ ಪಟ್ಟೆಯದು. ಅದರ ಕೆಳಗೆ ನನ್ನ ಲಗ್ನವಾಯಿತು. ಅಕ್ಕಿಕಾಳು ಬೀಳುವಾಗ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಾನು ಅವ್ವನನ್ನು ನೋಡುತ್ತಿದ್ದೆ. ಅವಳು ಒಮ್ಮೆಯೂ ತಲೆ ಎತ್ತಿ ಮೇಲೆ ನೋಡಲಿಲ್ಲ.