ಗರಗಸದ ಪ್ಯಾಂಟು

ವಿಶಾಖಪಟ್ಟಣದ ನೌಕಾಪಡೆ ವಸತಿಯಲ್ಲಿ ನಮ್ಮ ಪಕ್ಕದ ಮನೆಯವರು ಧಾರವಾಡದ ಕಡೆಯವರು. ಬಿರುಗಾಳಿಗೆ ಬಿದ್ದ ಮರಗಳನ್ನು ಯಂತ್ರದ ಗರಗಸದಿಂದ ಕೊಯ್ಯುವುದು ಅವರ ಕೆಲಸ. ಒಂದೇ ಟೊಂಗೆಯಿದ್ದರೂ ಹೆಲ್ಮೆಟ್, ಕೈಗವಸು, ಹಾಸಿಗೆಯಷ್ಟು ದಪ್ಪದ ಪ್ಯಾಂಟು ಎಲ್ಲ ತೊಡುವರು. ನಾವು ನಕ್ಕರೆ, “ಇರೂವು ಎರಡ ಕಾಲ್ರೀ” ಎನ್ನುವರು.

ಒಮ್ಮೆ ಗರಗಸ ಜಾರಿ ತೊಡೆಗೆ ತಗುಲಿತು. ಪ್ಯಾಂಟಿನೊಳಗಿನ ನೂಲು ಸಿಕ್ಕಿಕೊಂಡು ಗರಗಸದ ಹಲ್ಲಿನ ಸರಪಳಿ ನಿಂತಿತು, ಕಾಲು ಉಳಿಯಿತು. ಹೆಂಡತಿ ಆ ನೂಲನ್ನೆಲ್ಲ ಕಿತ್ತೆಸೆದು, ತಮ್ಮ ಮಂಗಳಗಿರಿ ಸೀರೆಯ ತುಂಡಿನಿಂದ, ಜರಿಯಂಚು ಸಮೇತ, ತೇಪೆ ಹಾಕಿದರು. ಇನ್ನು ಅದು ಗರಗಸವನ್ನು ತಡೆಯುವಂತಿರಲಿಲ್ಲ. ಮರ ಕೊಯ್ಯಲೆಂದು ಗಂಡ ಗುಟ್ಟಾಗಿ ಹೊಸದು ತಂದರು.

ತೇಪೆಯದನ್ನು ಮೇ ತಿಂಗಳಲ್ಲಿ ಮದುವೆಗೆ ತೊಟ್ಟು ಹೊರಟರು.

“ಈ ಸೆಕೇಲಿ ಇದ್ಯಾಕೆ ಸರ್?” ಎಂದೆ.

ಮುಂದೆ ನಡೆಯುತ್ತಿದ್ದ ಹೆಂಡತಿಯನ್ನೊಮ್ಮೆ ನೋಡಿ, ಬೆವರೊರೆಸಿಕೊಂಡು ಮೆಲ್ಲಗೆ ಅಂದರು: “ಕಾಲು ಎರಡಾದ್ರೂ ಅದಾವ್ರೀ. ಹೆಂಡ್ತಿ ಒಬ್ಬಾಕೀನ.”